ಮಠದ ಶಾಲೆ, ಮಿಷನ್ ಶಾಲೆ, ವೇದ ಪಾಠಶಾಲೆ, ಮದರಸಾ: ಮಕ್ಕಳಿಗೆ ವಿಜ್ಞಾನ ಎಲ್ಲಿ, ಹೇಗೆ ಸಿಗುತ್ತದೆ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಟೀಚರ್, ಮಗನನ್ನ ಮಠದ ಶಾಲೆಗೆ ಹಾಕೋಣ ಅಂತಿದೀವಿ, ಸೈನ್ಸ್ ಚೆನ್ನಾಗಿರುತ್ತಾ?" "ಕಾನ್ವೆಂಟಿಗೆ ಹಾಕಿದರೆ ನಮ್ಮ ಆಚಾರ ಬಿಟ್ಟುಬಿಡ್ತಾಳಾ?" "ಇವನು ವೇದ ಕಲೀಬೇಕು ಅಂತ ಅವರಜ್ಜನ ಆಸೆ, ಆಮೇಲೆ ಇಂಜಿನಿಯರಿಂಗಿಗೆ ಹೋಗೋಕಾಗುತ್ತಾ?" "ಹುಡುಗ ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿ ಹಾಫಿಜ್ ಆಗಬೇಕು, ಎಸ್ಸೆಸ್ಸೆಲ್ಸಿನೂ ಮುಗಿಸಬೇಕು, ಹೇಗೆ?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆ ಮಂಡ್ಯ, ತವರು ಮೈಸೂರು. ಎರಡೂ ಕಡೆ ಬೇರೆ ಬೇರೆ ಧರ್ಮದವರು ನಡೆಸುವ ಶಾಲೆಗಳಿಂದ ಬಂದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಮಾತನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ಕಥೆ. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಗ್ರಹಣದ ಪಾಠ ಬಂತು. ಭೂಮಿಯ ನೆರಳು, ಚಂದ್ರನ ನೆರಳು, ಚಿತ್ರ ಎಲ್ಲ ಬರೆಸಿದರು. ಇವಳು ಎದ್ದುನಿಂತು, "ಹಾಗಾದರೆ ರಾಹು-ಕೇತು?" ಅಂತ ಕೇಳಿದಳು. ಮೇಡಂ ಕೊಟ್ಟ ಉತ್ತರ: "ಪರೀಕ್ಷೆಯಲ್ಲಿ ನೆರಳು ಅಂತ ಬರಿ. ನಿಜ ಏನು ಅನ್ನೋದು ದೊಡ್ಡವರಾದ ಮೇಲೆ ಗೊತ್ತಾಗುತ್ತೆ." ಮಗಳಿಗೆ ಆ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತು. ಆದರೆ ಆ ವರ್ಷ ಪೂರ್ತಿ ಅವಳು ವಿಜ್ಞಾನದ ಪೀರಿಯಡ್ಡಿನಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಅದು ಧಾರ್ಮಿಕ ಶಾಲೆಯೇನೂ ಅಲ್ಲ. ಗೇಟಿನ ಮೇಲೆ ಯಾವ ದೇವರ ಹೆಸರೂ ಇರಲಿಲ್ಲ.

ಅವತ್ತಿನಿಂದ ಬೋರ್ಡು ನೋಡಿ ಶಾಲೆಯನ್ನು ಅಳೆಯುವುದನ್ನು ಬಿಟ್ಟಿದ್ದೇನೆ. ನಮ್ಮ ಕಡೆ ವಿಜ್ಞಾನ ಸುಳ್ಳು ಎಂದು ಹೇಳುವ ಶಾಲೆ ತುಂಬಾ ಅಪರೂಪ. ವಿಜ್ಞಾನ ಅಂಕಕ್ಕೆ, ನಿಜ ಬೇರೆ ಎಂದು ಹೇಳಿಕೊಡುವ ಶಾಲೆಗಳು ಜಾಸ್ತಿ. ಹಾಗಾಗಿ ಕೆಳಗಿನ ಒಂದೊಂದು ಬಗೆಯ ಶಾಲೆಗೂ ನಾನು ಹಾಕುವ ಪ್ರಶ್ನೆ ಒಂದೇ. "ಇದು ನಿಮಗೆ ಹೇಗೆ ಗೊತ್ತಾಯ್ತು?" ಎಂದು ಮಗು ಕೇಳಿದರೆ ಇಲ್ಲಿ ಏನಾಗುತ್ತದೆ?

ಮಠಗಳ ಶಾಲೆಗಳು

ಮೈಸೂರಿನವರಿಗೆ ಮೊದಲು ನೆನಪಾಗುವುದು ಸುತ್ತೂರು ಮಠ. 1954ರಲ್ಲಿ ಶುರುವಾದ ಜೆಎಸ್‌ಎಸ್ ಮಹಾವಿದ್ಯಾಪೀಠ ಅವರದು. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಬಡ ಮಕ್ಕಳಿಗೆ ಉಚಿತ ವಸತಿ ಶಾಲೆ ನಡೆಸುತ್ತಾರೆ. ಮಂಡ್ಯದವರಿಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ. ಬಾಲಗಂಗಾಧರನಾಥ ಸ್ವಾಮೀಜಿ ಕಟ್ಟಿ ಬೆಳೆಸಿದ ಶಾಲೆ-ಕಾಲೇಜುಗಳಲ್ಲಿ ಓದಿದವರು ನಮ್ಮ ಬೀದಿಯಲ್ಲೇ ಎಷ್ಟು ಮನೆಯಲ್ಲಿದ್ದಾರೆ! ಎರಡೂ ಮಠಗಳು ಮೆಡಿಕಲ್ ಕಾಲೇಜು ನಡೆಸುತ್ತವೆ. ಹಾಗಾಗಿ "ಮಠದವರು ವಿಜ್ಞಾನ ಓದಿಸಲ್ಲ" ಎನ್ನುವ ಭಯಕ್ಕೆ ಅರ್ಥವಿಲ್ಲ.

ಇಂಥ ಶಾಲೆಗಳು ಸರ್ಕಾರದ ಮಾನ್ಯತೆ ಇರುವ, ಮಾಮೂಲಿ ಪಠ್ಯ ಓದಿಸುವ ಶಾಲೆಗಳು. ಬೆಳಿಗ್ಗೆ ಪ್ರಾರ್ಥನೆ, ವಚನ, ಹಬ್ಬ-ಜಯಂತಿ ಇರುತ್ತವೆ. ಅದು ಮುಗಿದ ಮೇಲೆ ಬೇರೆ ಶಾಲೆಯ ಮಕ್ಕಳು ಓದುವ ವಿಜ್ಞಾನದ ಪುಸ್ತಕವನ್ನೇ ಇವರೂ ತೆಗೆಯುತ್ತಾರೆ. ವಿಜ್ಞಾನಕ್ಕೆ 80 ಅಂಕದ ಪರೀಕ್ಷೆ, 20 ಆಂತರಿಕ ಅಂಕ, ಎಲ್ಲರಿಗೂ ಅದೇ. ಹಳ್ಳಿಯ ಬಡ ಮಗುವಿಗೆ ಊಟ, ವಸತಿ, ಓದು ಒಟ್ಟಿಗೆ ಬೇಕಿದ್ದರೆ ಇದಕ್ಕಿಂತ ಗಟ್ಟಿ ದಾರಿ ನಮ್ಮ ಕಡೆ ಕಡಿಮೆ ಎಂದೇ ನನ್ನ ಅಭಿಪ್ರಾಯ.

ನೋಡಬೇಕಾದ್ದು ಲ್ಯಾಬು. ದೊಡ್ಡ ಸಂಸ್ಥೆಗೆ ನೂರಾರು ಶಾಖೆಗಳಿರುತ್ತವೆ, ಎಲ್ಲವೂ ಒಂದೇ ಥರ ಇರುವುದಿಲ್ಲ. ಮುಖ್ಯ ಕ್ಯಾಂಪಸ್ಸಿನ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ನಿಮ್ಮ ಮಗು ಕೂರುವ ಶಾಖೆಗೇ ಹೋಗಿ. ಲ್ಯಾಬಿನ ಬೀಗ ತೆಗೆಸಿ. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿದರೆ ನಿಮಗೆ ಉತ್ತರ ಸಿಕ್ಕಂತೆ, ಅಲ್ವಾ?

ಯಾದವಗಿರಿಯ ಶ್ರೀ ರಾಮಕೃಷ್ಣ ವಿದ್ಯಾಶಾಲೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1953ರಲ್ಲಿ ಶುರುವಾದ ಹುಡುಗರ ವಸತಿ ಶಾಲೆ. ಸನ್ಯಾಸಿಗಳು ನಡೆಸುತ್ತಾರೆ. ಭಜನೆ, ಧ್ಯಾನ ಎಲ್ಲ ಇದೆ. ಜೊತೆಗೆ ಓದಿನ ಶಿಸ್ತಿಗೆ ಹೆಸರಾದ ಜಾಗ. ಕುವೆಂಪು ಅವರ ನೆನಪು ಬರುತ್ತದೆ. ಹುಡುಗನಾಗಿದ್ದಾಗ ಅವರು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಆಮೇಲೆ ಆಸರೆಯಾಗಿದ್ದು ಮೈಸೂರಿನ ರಾಮಕೃಷ್ಣಾಶ್ರಮ. ಕನ್ನಡಿಗರಿಗೆ ವೈಜ್ಞಾನಿಕ ದೃಷ್ಟಿ ಬೇಕು ಎಂದು ಜೀವನವಿಡೀ ಹೇಳಿದವರೂ ಅವರೇ. ಒಬ್ಬ ಮನುಷ್ಯನಲ್ಲಿ ಈ ಮೂರೂ ಕೂಡಿ ಬದುಕಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಿಷನ್ ಶಾಲೆಗಳು

ಇವುಗಳ ಬಗ್ಗೆ ಜಾಸ್ತಿ ಬರೆಯಬೇಕಾಗಿಲ್ಲ. ಮೈಸೂರಿನಲ್ಲಿ ತಲೆಮಾರುಗಳಿಂದ ಇವೆ. ಕ್ಯಾಥೊಲಿಕ್ ಶಾಲೆಗಳಲ್ಲಿ ಜೀವವಿಕಾಸದ ಪಾಠಕ್ಕೆ ಕತ್ತರಿ ಬೀಳುತ್ತದೆ ಎಂಬ ಭಯ ಬೇಡ. ವಿಕಾಸವಾದ ಬರೀ ಊಹೆಯಲ್ಲ ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದಾರೆ. ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಕ್ರೈಸ್ತ ಮಠವಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದ ಲೆಮೈತ್ರ್ ಪಾದ್ರಿ.

ಒಂದೇ ಎಚ್ಚರಿಕೆ. ಎಲ್ಲ ಕ್ರೈಸ್ತ ಶಾಲೆಗಳೂ ಒಂದೇ ಪಂಗಡದವಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷ ಎಂದು ಹೇಳುವ ಪಠ್ಯಗಳು ಅಮೆರಿಕದಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹೋಗಿವೆ. ಅಲ್ಲಿ ಇದು ಕೋರ್ಟು ಹತ್ತಿತ್ತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಪ್ರಕರಣದಲ್ಲಿ ನ್ಯಾಯಾಧೀಶರು, ಜೀವಿಗಳನ್ನು ಯಾರೋ ವಿನ್ಯಾಸ ಮಾಡಿದ್ದಾರೆ ಎಂಬ ವಾದ ವಿಜ್ಞಾನವಲ್ಲ ಎಂದು ತೀರ್ಪು ಕೊಟ್ಟರು. ನೀವು ಮಾಡಬೇಕಾದ್ದು ಇಷ್ಟೇ. ಶಾಲೆ ಯಾವ ಬೋರ್ಡಿನದು ಎಂದು ಕೇಳಿ. ರಾಜ್ಯ ಪಠ್ಯ, ಸಿಬಿಎಸ್‌ಇ ಅಥವಾ ಐಸಿಎಸ್‌ಇ ಆಗಿದ್ದರೆ ಸರಿ. ಹೊರದೇಶದಿಂದ ತರಿಸಿದ ಬೇರೆ ಪುಸ್ತಕ ಎಂದರೆ ಅದನ್ನು ಕೈಗೆ ತೆಗೆದುಕೊಂಡು ಭೂಮಿಯ ವಯಸ್ಸಿನ ಪುಟ ನೋಡಿ.

ಪುಸ್ತಕದಲ್ಲೇ ಪಾಠ ಇಲ್ಲದಿದ್ದರೆ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಜೀವವಿಕಾಸದ ಪಾಠ ಹೋದದ್ದು ಧಾರ್ಮಿಕ ಶಾಲೆಗಳಿಂದಲ್ಲ. ಕೇಂದ್ರದ ಪಠ್ಯಪುಸ್ತಕ ಮಾಡುವ ಸಂಸ್ಥೆ ಎನ್‌ಸಿಇಆರ್‌ಟಿ ತನ್ನ ಹತ್ತನೇ ಕ್ಲಾಸಿನ ಪುಸ್ತಕದಲ್ಲಿದ್ದ "ಅನುವಂಶೀಯತೆ ಮತ್ತು ಜೀವವಿಕಾಸ" ಎಂಬ ಅಧ್ಯಾಯವನ್ನು ಬರೀ "ಅನುವಂಶೀಯತೆ" ಮಾಡಿತು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪಾಠ ವಾಪಸ್ ಕೊಡಿ ಎಂದು ಕೇಳಿದರು. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಪಾಠ ಇದೆ, ನಿಜ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ ತೆಗೆದುಕೊಳ್ಳುವ ಮಗುವಿಗೆ ಆ ಪಾಠ ಯಾವತ್ತೂ ಸಿಗುವುದಿಲ್ಲ. ನನಗೆ ಇದು ಇವತ್ತಿಗೂ ಸಂಕಟದ ವಿಷಯ.

ಹಾಗಾಗಿ ಯಾವ ಶಾಲೆಗೇ ಹೋಗಿ, ಈ ವರ್ಷದ ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದ ಪರಿವಿಡಿ ನೋಡಿ. ಪಾಠ ಇಲ್ಲದಿದ್ದರೆ ಟೀಚರನ್ನು ಕೇಳಿ: "ಇದನ್ನು ನೀವು ಬೇರೆಯಾಗಿ ಹೇಳಿಕೊಡ್ತೀರಾ?" ಮೈಸೂರಿನ ಕಾರಂಜಿ ಕೆರೆಯ ಪಕ್ಕದಲ್ಲಿ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಎನ್ನುವ ಟೀಚರ್ ಸಿಕ್ಕರೆ, ಅವರು ಕಾವಿ ಉಟ್ಟಿರಲಿ, ಶಿಲುಬೆ ಹಾಕಿರಲಿ, ಹಿಜಾಬ್ ಧರಿಸಿರಲಿ, ಅಲ್ಲಿಗೇ ಸೇರಿಸಿ.

ವೇದ ಪಾಠಶಾಲೆ, ಗುರುಕುಲ

ಇಲ್ಲಿ ನಿಧಾನವಾಗಿ ಓದಿ. ಕಷ್ಟದ ಆಯ್ಕೆ ಇದೇ.

ಮೇಲುಕೋಟೆಯಲ್ಲಿ ಸಂಸ್ಕೃತ ಓದಿನ ಪರಂಪರೆ ಬಹಳ ಹಳೆಯದು. ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜು 1876ರಷ್ಟು ಹಿಂದಿನದು. ಕಂಠಪಾಠದ ಆ ವಿದ್ಯೆಯನ್ನು ನಾನು ಗೌರವಿಸುತ್ತೇನೆ. ಹತ್ತು ವರ್ಷದ ಹುಡುಗ ಪದಗಳನ್ನು ಹಿಂದೆ ಮುಂದೆ ಹೆಣೆದು ಘನಪಾಠ ಹೇಳುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇಡೀ ದಿನದ ಪಾಠಶಾಲೆಗೆ ಸೇರಿಸುವ ಮೊದಲು ಒಂದು ವಿಷಯ ಗೊತ್ತಿರಲಿ. 2012ರ ತಿದ್ದುಪಡಿಯ ನಂತರ, ಮುಖ್ಯವಾಗಿ ಧರ್ಮ ಕಲಿಸುವ ಸಂಸ್ಥೆಗಳಿಗೆ, ಅಂದರೆ ವೇದ ಪಾಠಶಾಲೆ ಮತ್ತು ಮದರಸಾಗಳಿಗೆ, ಶಿಕ್ಷಣ ಹಕ್ಕು ಕಾಯ್ದೆ ಅನ್ವಯ ಆಗುವುದಿಲ್ಲ. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ, ಶಿಕ್ಷಕರ ತರಬೇತಿ ಏನು, ಇಂಥ ನಿಯಮಗಳು ಅಲ್ಲಿಗೆ ತಲುಪುವುದಿಲ್ಲ. ಹಾಗಾಗಿ ವಿಜ್ಞಾನ ಇದೆಯೋ ಇಲ್ಲವೋ ಎಂದು ನೋಡುವ ಜವಾಬ್ದಾರಿ ಪೂರ್ತಿ ನಿಮ್ಮದೇ.

ಕೇಳಬೇಕಾದ ಮೊದಲ ಮಾತು ಸರ್ಟಿಫಿಕೇಟು. ಉಜ್ಜಯಿನಿಯ ಮಹರ್ಷಿ ಸಾಂದೀಪನಿ ವೇದ ಸಂಸ್ಕೃತ ಮಂಡಳಿಗೆ ಸೇರಿದ ಪಾಠಶಾಲೆಯಾದರೆ ವೇದಭೂಷಣ ಹತ್ತನೇ ಕ್ಲಾಸಿಗೆ, ವೇದವಿಭೂಷಣ ಹನ್ನೆರಡಕ್ಕೆ ಸಮ. ಬೇರೆ ಕೆಲವರು ಮಕ್ಕಳನ್ನು ಎನ್‌ಐಒಎಸ್ ಮುಕ್ತ ಶಾಲೆಯಿಂದ ಹತ್ತನೇ ಪರೀಕ್ಷೆಗೆ ಕೂರಿಸುತ್ತಾರೆ. ಇಲ್ಲೊಂದು ತೊಡಕಿದೆ. ಮುಕ್ತ ಶಾಲೆಯಲ್ಲಿ ಐದು ವಿಷಯ ಆರಿಸಿಕೊಂಡರೆ ಸಾಕು, ವಿಜ್ಞಾನ-ಗಣಿತ ಬಿಟ್ಟೂ ಪಾಸಾಗಬಹುದು. "ಹತ್ತನೇ ಕ್ಲಾಸು ಮಾಡಿಸ್ತೀವಿ" ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಆಮೇಲೆ ಹುಡುಗ ಪಿಯುಸಿ ಸೈನ್ಸ್ ಬೇಕು ಅಂದರೆ ಬಾಗಿಲು ಮುಚ್ಚಿದಂತೆಯೇ. ಸೇರಿಸುವ ದಿನವೇ ಕೇಳಿ: "ಯಾವ ಐದು ವಿಷಯ?"

ಎರಡನೇ ಮಾತು, ಹೇಳಿಕೊಡುವ ರೀತಿ. ಒಂದು ಒಳ್ಳೆಯ ಪಾಠಶಾಲೆಗೆ ವಿಜ್ಞಾನ ಹೊರಗಿನಿಂದ ತರಬೇಕಾದ ವಸ್ತುವೇ ಅಲ್ಲ. ಪಂಚಾಂಗ ಕೈಯಲ್ಲೇ ಇದೆ. ಸೂರ್ಯನಿಗೂ ಚಂದ್ರನಿಗೂ 12 ಡಿಗ್ರಿ ಅಂತರ ಹೆಚ್ಚಿದರೆ ಒಂದು ತಿಥಿ. ಮೂವತ್ತು ತಿಥಿ ಸೇರಿದರೆ 360 ಡಿಗ್ರಿ. ಇದನ್ನು ಬೋರ್ಡಿನ ಮೇಲೆ ಬರೆದು, ಸಾಯಂಕಾಲ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಚಂದ್ರನನ್ನು ತೋರಿಸಿದರೆ ಅದೇ ಖಗೋಳ ವಿಜ್ಞಾನ. ಹೋಮಕುಂಡ ಕಟ್ಟುವ ಶುಲ್ಬಸೂತ್ರದಲ್ಲಿ, ನಾವು ಪೈಥಾಗೊರಸ್ ಪ್ರಮೇಯ ಅನ್ನುವ ಕರ್ಣದ ಲೆಕ್ಕ ಇದೆ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ, ಗ್ರಹಣಕ್ಕೆ ನೆರಳೇ ಕಾರಣ ಎಂದು 23 ವರ್ಷದ ಆರ್ಯಭಟ 499ರಲ್ಲೇ ಹೇಳಿದ್ದಾನೆ. ನನ್ನ ಮಗಳಿಗೆ ಅವತ್ತು ಆ ಮೇಡಂ ಇದೊಂದು ಮಾತು ಹೇಳಿದ್ದರೆ ಸಾಕಿತ್ತು.

ಕೆಟ್ಟ ಪಾಠಶಾಲೆ ಇದರ ಉಲ್ಟಾ ಮಾಡುತ್ತದೆ. "ಎಲ್ಲ ನಮ್ಮಲ್ಲೇ ಇತ್ತು" ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತದೆ. ಇದನ್ನು ತಿಳಿಯಲು ನಾನು ವಿಮಾನದ ಪ್ರಶ್ನೆ ಕೇಳುತ್ತೇನೆ. "ವೈಮಾನಿಕ ಶಾಸ್ತ್ರ" ಎಂಬ ಪುಸ್ತಕದ ಇಂಗ್ಲಿಷ್ ಅನುವಾದ 1973ರಲ್ಲಿ ಪ್ರಕಟವಾಗಿದ್ದು ನಮ್ಮ ಮೈಸೂರಿನಲ್ಲೇ. ಭರದ್ವಾಜ ಮುನಿ ಹೇಳಿದ ವಿಮಾನ ವಿದ್ಯೆ ಎಂಬುದು ಅದರ ಮಾತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಸಾಲು ಸಾಲಾಗಿ ಓದಿ ಪರೀಕ್ಷಿಸಿದರು. ಪುಸ್ತಕ ಇಪ್ಪತ್ತನೇ ಶತಮಾನದ ಶುರುವಿನದು, ಅದರಲ್ಲಿ ಬರೆದ ವಿಮಾನಗಳು ಹಾರಲಾರವು ಎಂದು ಹೇಳಿದರು. ಪರೀಕ್ಷಿಸಿದವರು ಗೇಲಿ ಮಾಡಲಿಲ್ಲ. ಭಾಷೆ ನೋಡಿದರು, ಛಂದಸ್ಸು ನೋಡಿದರು, ಲೆಕ್ಕ ಹಾಕಿದರು. ಈ ಕಥೆಯನ್ನು ಪೂರ್ತಿಯಾಗಿ ಮಕ್ಕಳಿಗೆ ಹೇಳುವ ಗುರುಗಳು ಇರುವ ಕಡೆ ಮಗುವನ್ನು ಧೈರ್ಯವಾಗಿ ಬಿಡಬಹುದು. ಅರ್ಧ ಕಥೆ ಹೇಳಿ ಹೆಮ್ಮೆಪಡಿ ಎನ್ನುವ ಕಡೆ ಬೇಡ.

ನನ್ನ ಸಲಹೆ ಕೇಳಿದರೆ, ಹತ್ತನೇ ಕ್ಲಾಸಿನವರೆಗೆ ಮಾಮೂಲಿ ಶಾಲೆ, ಬೆಳಿಗ್ಗೆ-ಸಂಜೆ ವೇದಪಾಠ. ಹತ್ತು ಮುಗಿದ ಮೇಲೆ ಹುಡುಗನಿಗೇ ಮನಸ್ಸಿದ್ದರೆ ಇಡೀ ದಿನದ ಪಾಠಶಾಲೆ. ಎಂಟು ವರ್ಷಕ್ಕೇ ಶುರು ಮಾಡದಿದ್ದರೆ ಸ್ವರ ಕೂರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ನಿಜವಿದೆ. ಅದಕ್ಕೇ ಬೆಳಿಗ್ಗೆಯ ಪಾಠ.

ಮದರಸಾ ಮತ್ತು ಮಕ್ತಬ್

ಹೊರಗಿನವರು ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಮಕ್ತಬ್ ಎಂದರೆ ಮಸೀದಿಯ ಪಕ್ಕ ಬೆಳಿಗ್ಗೆಯೋ ಸಂಜೆಯೋ ಒಂದೆರಡು ಗಂಟೆ ಕುರ್‌ಆನ್ ಓದಲು ಕಲಿಸುವ ಜಾಗ. ಮೈಸೂರಿನ ಉದಯಗಿರಿಯಲ್ಲಾಗಲಿ ಮಂಡ್ಯದ ಪೇಟೆಯಲ್ಲಾಗಲಿ, ಮಕ್ತಬ್ ಮುಗಿಸಿ ಬ್ಯಾಗು ಬದಲಿಸಿಕೊಂಡು ಶಾಲೆಗೆ ಓಡುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಇದರಿಂದ ವಿಜ್ಞಾನದ ಓದಿಗೆ ಯಾವ ಅಡ್ಡಿಯೂ ಇಲ್ಲ. ನಿದ್ದೆ ಸರಿಯಾಗಿ ಆಗುತ್ತದೆಯೇ ಎಂದಷ್ಟೇ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದ ಮಗು ಮಧ್ಯಾಹ್ನದ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ಕಂಡಿದ್ದೇನೆ. ವೇದಪಾಠಕ್ಕೆ ಹೋಗುವ ಮಗುವೂ ಹಾಗೇ ತೂಕಡಿಸುತ್ತದೆ.

ವಸತಿ ಮದರಸಾ ಬೇರೆ. ಅಲ್ಲಿ ಹಿಫ್ಜ್, ಅಂದರೆ ಮೂವತ್ತು ಪಾರಾ ಕುರ್‌ಆನ್ ಬಾಯಿಪಾಠ ಮಾಡುವುದು, ಎರಡರಿಂದ ನಾಲ್ಕು ವರ್ಷದ ಕೆಲಸ. ಸಾಮಾನ್ಯವಾಗಿ ಶಾಲೆಯ ಐದರಿಂದ ಎಂಟನೇ ಕ್ಲಾಸಿನ ವಯಸ್ಸು ಅದಕ್ಕೆ ಹೋಗುತ್ತದೆ. ವಿಜ್ಞಾನ-ಗಣಿತದ ಬುನಾದಿ ಬೀಳುವುದೂ ಅದೇ ವಯಸ್ಸಿನಲ್ಲಿ. ಕರ್ನಾಟಕದಲ್ಲಿ ಉತ್ತರ ಪ್ರದೇಶದ ಹಾಗೆ ಸರ್ಕಾರದ ಮದರಸಾ ಬೋರ್ಡ್ ಇಲ್ಲ. ಹಾಗಾಗಿ ಮದರಸಾದ ಓದು ನೇರವಾಗಿ ಹತ್ತನೇ ಕ್ಲಾಸಿಗೆ ಸಮ ಆಗುವುದಿಲ್ಲ. ಒಳಗೇ ಶಾಲೆ ನಡೆಸುವ, ಎಸ್ಸೆಸ್ಸೆಲ್ಸಿ ಅಥವಾ ಎನ್‌ಐಒಎಸ್ ಪರೀಕ್ಷೆಗೆ ಕೂರಿಸುವ ಮದರಸಾಗಳನ್ನೇ ಹುಡುಕಿ. ಅಲ್ಲೂ ಅದೇ ಪ್ರಶ್ನೆ: ಯಾವ ಐದು ವಿಷಯ? ವಿಜ್ಞಾನ ಕಲಿಸುವವರು ಯಾರು, ಏನು ಓದಿದ್ದಾರೆ, ವಾರಕ್ಕೆ ಎಷ್ಟು ದಿನ ಬರುತ್ತಾರೆ?

ಪಂಚಾಂಗದ ಹಾಗೆ ಇಲ್ಲೂ ವಿಜ್ಞಾನ ಒಳಗೇ ಇದೆ. ಮೈಸೂರಿನಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಸರಿಯಾಗಿ ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ ವಾಲಿದೆ. ಯಾಕೆ? ಭೂಮಿ ಗುಂಡಗಿದೆ, ಮೆಕ್ಕಾ ನಮಗಿಂತ ಉತ್ತರಕ್ಕಿದೆ. ಒಂದು ಗ್ಲೋಬು, ಒಂದು ದಾರ ಇದ್ದರೆ ಈ ಪಾಠ ಮಾಡಬಹುದು. ನಮಾಜಿನ ಹೊತ್ತು ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಯಾಕೆ ಸರಿಯುತ್ತದೆ ಎಂದು ಕೇಳಿದರೆ ಋತುಗಳ ಪಾಠವೇ ಶುರುವಾಗುತ್ತದೆ. ಇದನ್ನು ಹೇಳುವ ಉಸ್ತಾದ್ ಸಿಕ್ಕ ಮಗು ಪುಣ್ಯವಂತ.

ಹಾಫಿಜ್ ಆಗಬೇಕಾದ ಆ ಹುಡುಗನ ತಂದೆಗೆ ನಾನು ಹೇಳಿದ್ದು: ಏಳನೇ ಕ್ಲಾಸು ಮುಗಿಯುವವರೆಗೆ ಶಾಲೆ ಬಿಡಿಸಬೇಡಿ, ಹಿಫ್ಜ್ ಮಾಡುವಾಗಲೂ ಗಣಿತ ದಿನಕ್ಕೆ ಒಂದು ಗಂಟೆ ತಪ್ಪಬಾರದು. ವಿಜ್ಞಾನವನ್ನು ಆಮೇಲೆ ಹಿಡಿಯಬಹುದು, ಬಿಟ್ಟ ಗಣಿತ ಹಿಡಿಯುವುದು ಬಹಳ ಕಷ್ಟ.

ಬೈಲಕುಪ್ಪೆಯಿಂದ ಕಲಿಯುವುದು

ಇದು ನಿಮ್ಮ ಮಗುವನ್ನು ಸೇರಿಸುವ ಆಯ್ಕೆಯಲ್ಲ. ಆದರೂ ಬರೆಯದೆ ಇರಲಾರೆ. ನಮ್ಮ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಪ್ರವಾಸ ಹೋಗಿ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಅಲ್ಲಿಯ ಸೆರಾ ಮಠದ ಸನ್ಯಾಸಿಗಳು ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಓದುತ್ತಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೊತೆ ಸೇರಿ, 2014ರಿಂದ ಆರು ವರ್ಷದ ವಿಜ್ಞಾನದ ಪಾಠಕ್ರಮ ದಕ್ಷಿಣ ಭಾರತದ ದೊಡ್ಡ ಟಿಬೆಟನ್ ಮಠಗಳಲ್ಲಿ ಶುರುವಾಯಿತು. ಬೌದ್ಧರ ಯಾವುದಾದರೂ ನಂಬಿಕೆ ತಪ್ಪು ಎಂದು ವಿಜ್ಞಾನ ಗಟ್ಟಿಯಾಗಿ ತೋರಿಸಿದರೆ ನಂಬಿಕೆಯನ್ನೇ ಬಿಡಬೇಕು ಎಂಬುದು ದಲೈ ಲಾಮಾ ಅವರ ನಿಲುವು. ಮೇರು ಪರ್ವತದ ಸುತ್ತ ಲೋಕ ಇದೆ ಎಂಬ ಹಳೆಯ ಚಿತ್ರವನ್ನು ಅವರು ಒಪ್ಪುವುದಿಲ್ಲ. ಆದರೂ ಪ್ರಾರ್ಥನೆ ನಿಂತಿಲ್ಲ, ಮಠವೂ ಖಾಲಿಯಾಗಿಲ್ಲ.

ಶಾಲೆ ನೋಡಲು ಹೋದ ದಿನ

ರಜೆ ದಿನ ಹೋಗಬೇಡಿ, ಶಾಲೆ ನಡೆಯುತ್ತಿರುವಾಗ ಹೋಗಿ. ಆಫೀಸಿನವರಿಗಿಂತ ಮಕ್ಕಳನ್ನು ಮಾತಾಡಿಸಿ. "ಕೊನೇ ಸಲ ಲ್ಯಾಬಿಗೆ ಯಾವಾಗ ಹೋಗಿದ್ರಿ? ಏನು ಮಾಡಿದ್ರಿ?" ಎಂದು ಕೇಳಿ. "ಸರ್ ಮಾಡಿ ತೋರಿಸಿದರು" ಎಂದರೆ ಅರ್ಧ ಅಂಕ. "ನಾನೇ ಮಾಡಿದೆ, ಮೊದಲನೇ ಸಲ ಬರಲಿಲ್ಲ" ಎಂದರೆ ಪೂರ್ತಿ ಅಂಕ.

ವಿಜ್ಞಾನದ ಟೀಚರಿಗೆ ನೆರಳಿಲ್ಲದ ದಿನದ ಬಗ್ಗೆ ಕೇಳಿ. ಮೈಸೂರು-ಮಂಡ್ಯದಲ್ಲಿ ಏಪ್ರಿಲ್ 22ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು, ಮಧ್ಯಾಹ್ನ 12 ಗಂಟೆ 20ರಿಂದ 30 ನಿಮಿಷದ ನಡುವೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಒಂದು ಪೈಸೆ ಖರ್ಚಿಲ್ಲದ ಪ್ರಯೋಗ. ಏಪ್ರಿಲಿನಲ್ಲಿ ರಜೆ, ಆದರೆ ಆಗಸ್ಟಿನಲ್ಲಿ ಶಾಲೆ ಇರುತ್ತದೆ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಬರುವ ಟೀಚರ್ ಇದ್ದಾರೆಯೇ?

ಪ್ರಾರ್ಥನೆ, ಧರ್ಮದ ಪಾಠ ನಿಮ್ಮ ಮನೆಯದಲ್ಲ ಎಂಬ ಅಳುಕಿದ್ದರೆ, ಸಂವಿಧಾನದ 28ನೇ ವಿಧಿ ನೆನಪಿರಲಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ತಂದೆತಾಯಿ ಒಪ್ಪದೆ ಮಗುವನ್ನು ಧರ್ಮದ ಪಾಠಕ್ಕೆ ಕೂರಿಸುವಂತಿಲ್ಲ. ಜಗಳ ಬೇಡ, ಸೇರಿಸುವಾಗಲೇ ಒಂದು ಪತ್ರ ಬರೆದುಕೊಟ್ಟರೆ ಸಾಕು. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಂತೂ ಧರ್ಮದ ಪಾಠ ಇರುವಂತೆಯೇ ಇಲ್ಲ. ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಒಳ್ಳೆಯ ವಿಜ್ಞಾನದ ಮೇಷ್ಟ್ರಿದ್ದರೆ, ಅಲ್ಲಿಗೆ ಸೇರಿಸಿ ಧರ್ಮವನ್ನು ಮನೆಯಲ್ಲಿ, ದೇವಸ್ಥಾನದಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಕಲಿಸಿ. ಬಹಳ ಮನೆಗಳಿಗೆ ಇದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಮನೆಯಲ್ಲಿ ಎರಡು ಮಾತು ಬಂದಾಗ

"ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು ಹೇಳಿದರೆ ಮಗು ಗಲಿಬಿಲಿ ಆಗಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ನಾನು ನೋಡಿದ ಹಾಗೆ, ಎರಡು ಮಾತು ಕೇಳಿದ ಮಗು ಗಲಿಬಿಲಿ ಆಗುವುದಿಲ್ಲ. ಬಾಯಿ ಮುಚ್ಚಿಸಿಕೊಂಡ ಮಗು ಆಗುತ್ತದೆ.

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ. ನಮ್ಮ ಅತ್ತೆ ಸಂಜೆಗೇ ಊಟ ಮುಗಿಸಿ, ನೀರಿಗೆ ದರ್ಭೆ ಹಾಕಿ, ಜಪಕ್ಕೆ ಕೂತರು. ಮಗಳು ಈಗ ಪಿಯುಸಿ. ಚಾಪೆ, ನೋಟ್‌ಬುಕ್ಕು ತೆಗೆದುಕೊಂಡು ಟೆರೇಸಿಗೆ ಹೋದಳು. ಹನ್ನೊಂದರ ಹೊತ್ತಿಗೆ ಚಂದ್ರ ಪೂರ್ತಿ ನೆರಳಿಗೆ ಹೋದ. ಮೋಡದ ಮಧ್ಯೆ ಆಗಾಗ ತಾಮ್ರದ ಬಣ್ಣದಲ್ಲಿ ಕಾಣಿಸಿದ. ಅವಳು ಕೆಳಗೆ ಓಡಿಬಂದು, "ಅಜ್ಜಿ, ನೆರಳಿನ ಅಂಚು ಗುಂಡಗಿದೆ, ಭೂಮಿ ಗುಂಡಗಿರೋದು ಅಲ್ಲೇ ಕಾಣುತ್ತೆ" ಅಂದಳು. ಅತ್ತೆ ಜಪಮಾಲೆ ಬಿಡದೆ, "ಎಷ್ಟು ಹೊತ್ತಿಗೆ ಬಿಡುತ್ತೆ ನೋಡಿ ಹೇಳು, ಸ್ನಾನಕ್ಕೆ ನೀರು ಕಾಯಿಸಬೇಕು" ಅಂದರು. ಒಂದೂವರೆಗೆ ಬಿಡುತ್ತೆ ಅಂತ ಇವಳು ಲೆಕ್ಕ ಹೇಳಿದಳು. ಅಷ್ಟು ಹೊತ್ತಿಗೇ ಬಿಟ್ಟಿತು.